ದಮ್ಮಿಗೆ ಸ್ಟಿರಾಯ್ಡ್ ಪಂಪ್ (ಇನ್ಹೇಲರ್) ಶುರುವಾದ ಮೇಲೆ ದನಿ ಕುಂತುಬಿಟ್ಟಿದೆ. ದನಿ ಮರಳಿ ಪಡೆದವರು ಯಾರಾದರೂ ಇದ್ದೀರಾ?

ನಲಿಕಲಿ_ಬ್ಯಾಡಗಿ (ಡಿಸೆಂಬರ್ 8)

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಲಿ-ಕಲಿ ತರಗತಿ ನನ್ನದು. ಒಂದು, ಎರಡು, ಮೂರನೇ ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ, ಒಟ್ಟು 27. ನನಗೆ ವಯಸ್ಸು 41. ದಮ್ಮು (ಅಸ್ತಮಾ) ಶುರುವಾಗಿ ಹನ್ನೆರಡು ವರ್ಷ ಆಯಿತು, ಎರಡನೇ ಹೆರಿಗೆಯ ಮರುವರ್ಷದಿಂದ.

ನಮ್ಮೂರು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬಿದ್ದವೆಂದರೆ ಘಾಟು ಗಾಳಿಯಲ್ಲೇ ನಿಂತಿರುತ್ತದೆ. ಪರಊರಿನವರು ಬಸ್ಸಿನಿಂದ ಇಳಿಯುತ್ತಲೇ ಸೀನುತ್ತಾರೆ. ಇಲ್ಲಿಯವರಿಗೆ ರೂಢಿಯಾಗಿದೆ ಅನ್ನುತ್ತಾರೆ, ನನ್ನ ಎದೆಗೆ ಮಾತ್ರ ಅದು ರೂಢಿಯಾಗಲೇ ಇಲ್ಲ.

ಹನ್ನೊಂದು ವರ್ಷ ನೀಲಿ ಪಂಪಿನ (ತಕ್ಷಣಕ್ಕೆ ಉಸಿರು ಸಡಿಲಿಸುವ ಇನ್ಹೇಲರ್) ಮೇಲೆಯೇ ಕಾಲ ಹಾಕಿದೆ. ಎದೆ ಬಿಗಿದರೆ ಎರಡು ಸಲ ಒತ್ತುವುದು, ಹತ್ತು ನಿಮಿಷದಲ್ಲಿ ಉಸಿರು ಸಡಿಲ. 200 ಪಫ್ ಇರುವ ಡಬ್ಬಿ ಸುಗ್ಗಿಯಲ್ಲಿ ತಿಂಗಳಿಗೊಂದು ಮುಗಿಯುತ್ತಿತ್ತು. ಅದು ಅಪಾಯ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ವರ್ಷ ಮಾರ್ಚ್‌ನಲ್ಲಿ ಒಂದು ಗುರುವಾರ ಸಂಜೆ ನೀಲಿ ಪಂಪು ನಾಟಲೇ ಇಲ್ಲ. ಎರಡು ಶಬ್ದ ಆಡಿದರೆ ಮೂರನೆಯದಕ್ಕೆ ಉಸಿರಿಲ್ಲ. ಹಾವೇರಿಗೆ ಹೊತ್ತೊಯ್ದರು. ನೆಬ್ಯುಲೈಸರ್, ಆಕ್ಸಿಜನ್, ಆಮೇಲೆ ಏಳು ದಿನ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ, ದಿನಕ್ಕೆ 40 ಮಿಲಿಗ್ರಾಂ. ಮನೆಗೆ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಎದೆರೋಗದ ಡಾಕ್ಟರಿಗೆ ತೋರಿಸಿದೆವು. ಅವರು ಬುಡೆಸೊನೈಡ್ ಅನ್ನುವ ಸ್ಟಿರಾಯ್ಡ್ ಮತ್ತು ಉಸಿರುನಾಳ ಸಡಿಲಿಸುವ ಫಾರ್ಮೊಟೆರಾಲ್ ಕೂಡಿದ ಪಂಪ್ ಬರೆದುಕೊಟ್ಟರು. ಒಂದು ಪಫ್‌ನಲ್ಲಿ ಸ್ಟಿರಾಯ್ಡ್ 200 ಮೈಕ್ರೋಗ್ರಾಂ, ಫಾರ್ಮೊಟೆರಾಲ್ 6. ಬೆಳಿಗ್ಗೆ ಎರಡು, ರಾತ್ರಿ ಎರಡು.

ಒಳ್ಳೆಯದನ್ನು ಮೊದಲು ಹೇಳಬೇಕು. ಮೂರು ವಾರ ಕಳೆಯುವುದರೊಳಗೆ ನಾನು ಒಂದೇ ದಿಂಬಿನ ಮೇಲೆ ಮಲಗಿದೆ. ಎಷ್ಟೋ ಚಳಿಗಾಲ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದವಳು ನಾನು. ಉಸಿರಿನ ಬಿರುಸು ಅಳೆಯುವ ಪೀಕ್ ಫ್ಲೋ ಮೀಟರ್ ಊದಿದರೆ 230 ತೋರಿಸುತ್ತಿದ್ದದ್ದು 350ಕ್ಕೆ ಬಂತು. ನೀಲಿ ಪಂಪು ಬ್ಯಾಗಿನ ತಳದಲ್ಲಿ ಬಿದ್ದುಕೊಂಡಿದೆ, ಅದರ ನೆನಪೇ ಆಗುವುದಿಲ್ಲ.

ಜುಲೈ ಹೊತ್ತಿಗೆ ದನಿ ಕೆಟ್ಟಿತು. ಮೊದಮೊದಲು ಸಂಜೆ ಮಾತ್ರ ಗೊಗ್ಗರಾಗುತ್ತಿತ್ತು. ಬರಬರುತ್ತ ಬೆಳಗಿನ ಪ್ರಾರ್ಥನೆಗೇ ಒಡೆಯತೊಡಗಿತು. ಸ್ವಲ್ಪ ಏರಿಸಿದರೆ ಬರೀ ಗಾಳಿ. ನಲಿ-ಕಲಿ ಅಂದರೆ ಹಾಡು, ಅಭಿನಯ, ಕತೆ. ದನಿ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ. ಆಗಸ್ಟ್‌ನಲ್ಲಿ ಒಂದು ದಿನ ಕಾಗೆ, ನರಿಯ ಕತೆ ಹೇಳುತ್ತಿದ್ದೆ. ಒಂದನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ಬಂದು, ನನ್ನ ಮೊಣಕಾಲು ಹಿಡಿದು, ಬಾಯಿ ಕಿವಿಯ ಹತ್ತಿರ ತಂದು, ತಾನೂ ಪಿಸುದನಿಯಲ್ಲಿ, "ಟೀಚರ್, ಇದು ಯಾರಿಗೂ ಹೇಳಬಾರದ ಕತೀ ಏನ್ರೀ?" ಅಂತ ಕೇಳಿದಳು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ.

ಮುಂದೆ ನಾನು ಮಾಡಿದ್ದು ತಪ್ಪು, ಗೊತ್ತಿದೆ. ದಸರಾ ರಜೆಯಲ್ಲಿ ಘಟ ಹಾಕಿದ ದಿನ ಯಾರಿಗೂ ಹೇಳದೆ ಪಂಪ್ ಬಿಟ್ಟೆ. ಹತ್ತು ದಿನಕ್ಕೆ ದನಿ ತುಸು ತಿಳಿಯಾಯಿತು. ಬನ್ನಿ ಕೊಡಲು ಬಂದವರು "ಈಗ ಸುಧಾರಿಸೇತಲ್ರೀ" ಅಂದಾಗ ಗೆದ್ದೆ ಅಂದುಕೊಂಡೆ. ಸೀಗಿ ಹುಣ್ಣಿಮೆಯ ರಾತ್ರಿ ಮತ್ತೆ ಎದೆಯಲ್ಲಿ ಸೀಟಿ ಶುರು. ಮೀಟರ್ 190. ಮತ್ತೆ ಆಸ್ಪತ್ರೆ, ಮತ್ತೆ ಐದು ದಿನ ಮಾತ್ರೆ. ಆ ರಾತ್ರಿ ನನ್ನ ಮಗಳು ನನ್ನ ಬೆನ್ನಿಗೆ ಕೈ ಇಟ್ಟುಕೊಂಡೇ ಕೂತಿದ್ದಳು. ಈಗ ಮತ್ತೆ ಪಂಪ್ ತಗೊಳ್ಳುತ್ತಿದ್ದೇನೆ, ದನಿ ಮತ್ತೆ ಹೋಗಿದೆ.

ಅತ್ತೆಯವರು "ಪಂಪಿನ ಚಟಾ ಹತ್ತಿದ್ರ ಸಾಯೂತನಕ ಬಿಡೂದಿಲ್ಲ" ಅನ್ನುತ್ತಾರೆ. ಓಣಿಯವರು ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬಾ ಅನ್ನುತ್ತಾರೆ. ಶಾಲೆಯ ಸಹೋದ್ಯೋಗಿಯೊಬ್ಬರು ಸ್ಟಿರಾಯ್ಡ್ ಅಂದರೆ ಎಲುಬು ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ ಅಂತ ಹೆದರಿಸಿದ್ದಾರೆ.

ಪಂಪ್ ತಗೊಳ್ಳುತ್ತ ದನಿ ಮರಳಿ ಪಡೆದವರು ಇದ್ದೀರಾ? ಏನು ಮಾಡಿದಿರಿ? ಎಲುಬು, ಕಣ್ಣಿನ ಮಾತು ಎಷ್ಟು ನಿಜ? ನನಗೆ ಉಸಿರೂ ಬೇಕು, ದನಿಯೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊ ಅಂದರೆ ನನ್ನಿಂದ ಆಗುವುದಿಲ್ಲ.

ನಿವೃತ್ತ_ಫಾರ್ಮಸಿಸ್ಟ್_ಶಿವಮೊಗ್ಗ (ಡಿಸೆಂಬರ್ 8)

ಟೀಚರ್, ಮೊದಲು ಒಂದು ಪ್ರಶ್ನೆ. ನೀವು ಪಂಪನ್ನು ತಗೊಳ್ಳೋದು ಹೇಗೆ? ನೇರ ಬಾಯಿಗಾ, ಸ್ಪೇಸರ್ (ಪಂಪಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ) ಹಾಕಿಯಾ? ತಗೊಂಡ ಮೇಲೆ ಬಾಯಿ ಮುಕ್ಕಳಿಸ್ತೀರಾ? ಮೂವತ್ತೆರಡು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವನು ನಾನು. ಪಂಪ್ ಕೊಂಡವರಿಗೆಲ್ಲ ಒಮ್ಮೆ ತಗೊಂಡು ತೋರಿಸಿ ಅಂತಿದ್ದೆ. ಹೆಚ್ಚಿನವರು ಒತ್ತಿದ್ದು ಗಂಟಲಿಗೆ ಹೋಗಿ ಬಡಿಯುತ್ತಿತ್ತು. ಒತ್ತುವುದು ಮೊದಲು, ಉಸಿರೆಳೆಯುವುದು ಆಮೇಲೆ. ಮದ್ದು ಎದೆಗೆ ಇಳಿಯುವುದರ ಬದಲು ಗಂಟಲಲ್ಲೇ ಕೂತರೆ ದನಿ ಹೋಗದೆ ಇನ್ನೇನಾದೀತು?

ಸ್ಟಿರಾಯ್ಡ್ ಅನ್ನೋ ಹೆಸರಿಗೆ ಹೆದರುವವರಿಗೆ ನಾನು ಲೆಕ್ಕ ಹೇಳ್ತಿದ್ದೆ. ನಿಮ್ಮ ನಾಲ್ಕು ಪಫ್ ಸೇರಿ ದಿನಕ್ಕೆ 800 ಮೈಕ್ರೋಗ್ರಾಂ, ಅಂದ್ರೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಮಾರ್ಚ್‌ನಲ್ಲಿ ನೀವು ನುಂಗಿದ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ. ತೂಕಕ್ಕೆ ತೂಕ ಇಟ್ಟು ನೋಡೋದು ಪೂರಾ ಸರಿಯಲ್ಲ, ಬುಡೆಸೊನೈಡ್ ಪ್ರೆಡ್ನಿಸೊಲೋನ್‌ಗಿಂತ ಬಿರುಸಾದ ಮದ್ದು. ಆದರೆ ಇನ್ನೊಂದು ಸಂಗತಿ ಇದೆ. ಗಂಟಲಲ್ಲಿ ಕೂತು ಹೊಟ್ಟೆಗೆ ಹೋದ ಬುಡೆಸೊನೈಡಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಲಿವರ್ ಮೊದಲ ಸುತ್ತಿನಲ್ಲೇ ಮುರಿದು ಹಾಕುತ್ತೆ. ಮೈಗೆಲ್ಲ ಹರಡೋದು ಕಡಿಮೆ. ಮಾತ್ರೆಗೆ ಹಾಗಿಲ್ಲ, ಅದು ನೇರ ರಕ್ತಕ್ಕೇ ಹೋಗಬೇಕಾದ ಮದ್ದು. ಎಲುಬು, ಕಣ್ಣಿನ ಪೊರೆಯ ಮಾತು ಸುಳ್ಳಲ್ಲ. ಪಂಪಿನಲ್ಲಿ ದೊಡ್ಡ ಡೋಸನ್ನು ವರ್ಷಗಟ್ಟಲೆ ತಗೊಂಡವರಲ್ಲಿ ಅದನ್ನು ಗಮನಿಸಬೇಕು, ಡಾಕ್ಟರು ಕಣ್ಣು ತಪಾಸಣೆ ಮಾಡಿಸಿ ಅಂತಾರೆ. ನಿಮ್ಮದು ಮಧ್ಯಮ ಡೋಸು. ನಿಮಗೆ ನಿಜಕ್ಕೂ ಹೆಚ್ಚು ಸ್ಟಿರಾಯ್ಡ್ ಕೊಟ್ಟಿದ್ದು ಪಂಪ್ ಬಿಟ್ಟು ಆಸ್ಪತ್ರೆ ಸೇರಿದ ಆ ಐದು ದಿನ.

ನೀಲಿ ಪಂಪಿನ ಮಾತು ಓದಿ ನನಗೆ ಮೈ ಜುಮ್ಮೆಂದಿತು. ವರ್ಷಕ್ಕೆ ಮೂರು ಡಬ್ಬಿ ಖಾಲಿಯಾದರೇ ಅಪಾಯದ ಗಂಟೆ ಅಂತ ಲೆಕ್ಕ. ಬರೀ ನೀಲಿ ಪಂಪಿನ ಮೇಲೆ ಅಸ್ತಮಾ ನಡೆಸಬೇಡಿ ಅಂತ 2019ರಲ್ಲಿ ಜಾಗತಿಕ ಮಾರ್ಗಸೂಚಿಯನ್ನೇ ಬದಲಿಸಿದರು. ನೀಲಿ ಪಂಪು ಬಿಗಿದ ನಾಳವನ್ನು ಸಡಿಲಿಸುತ್ತೆ, ಒಳಗಿನ ಊತಕ್ಕೆ ಅದು ಏನೂ ಮಾಡೋದಿಲ್ಲ. ಊತ ಇಳಿಸೋದು ಸ್ಟಿರಾಯ್ಡೇ. ಬಿಡಬೇಡಿ ತಾಯಿ.

ಕೊಪ್ಪದಾಕೆ (ಡಿಸೆಂಬರ್ 9)

ನಂದು ದನಿ ಹೋಗ್ಲಿಲ್ಲ, ಬಾಯಿ ಹೋಯ್ತು. ಅಡಿಕೆ ಬೇಯಿಸೋ ಕಾಲ, ಒಲೆ ಹೊಗೆ, ರಾತ್ರಿ ಹನ್ನೊಂದರವರೆಗೆ ಸುಲಿಯೋದು. ಪಂಪ್ ಹೊಡ್ಕೊಂಡು ಹಾಗೇ ಮಲಗಿಬಿಡ್ತಿದ್ದೆ. ಒಂದು ತಿಂಗಳಿಗೆ ನಾಲಿಗೆ ಮೇಲೆ, ಕೆನ್ನೆ ಒಳಗೆಲ್ಲ ಬಿಳಿ ಪದರ, ಒಡೆದ ಹಾಲಿನ ಗಸಿ ಅಂಟಿಕೊಂಡ ಹಾಗೆ. ಬಟ್ಟೆಯಿಂದ ಒರೆಸಿದ್ರೆ ಅಡಿಯಲ್ಲಿ ಕೆಂಪು. ಮಾವಿನಮಿಡಿ ಉಪ್ಪಿನಕಾಯಿ ನಾಲಿಗೆಗೆ ತಾಗಿದ್ರೆ ಕಣ್ಣಲ್ಲಿ ನೀರು. ಏನೋ ದೊಡ್ಡ ಕಾಯಿಲೆ ಅಂತ ಎರಡು ವಾರ ಯಾರಿಗೂ ಹೇಳದೆ ಒಳಗೊಳಗೇ ಸತ್ತೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಬೂಸ್ಟು ಅಂದ್ರು, ಬಾಯಲ್ಲಿ ಬೆಳೆಯೋ ಒಂಥರ ಶಿಲೀಂಧ್ರ. ಬಾಯಿಗೆ ಹಚ್ಚೋ ಕ್ಲೊಟ್ರಿಮಾಜೋಲ್ ಹನಿ ಕೊಟ್ರು, ಹತ್ತು ದಿನಕ್ಕೆ ಹೋಯ್ತು.

ಆವತ್ತಿಂದ ಪಂಪನ್ನ ಬಚ್ಚಲುಮನೆಯ ಹಲ್ಲುಜ್ಜೋ ಬ್ರಷ್ ಪಕ್ಕ ಇಟ್ಟಿದ್ದೀನಿ. ಮೊದಲು ಪಂಪು, ಆಮೇಲೆ ಬ್ರಷ್ಷು, ಮುಕ್ಕಳಿಸಿ ಗಂಟಲಾಡಿಸಿ ಉಗಿಯೋದು. ನುಂಗಬಾರದು. ಮೂರು ವರ್ಷದಿಂದ ಬಿಳಿ ಪದರ ಬಂದಿಲ್ಲ. ಟೀಚರ್, ನೀವು ಕನ್ನಡಿ ಮುಂದೆ ಬಾಯಿ ಅಗಲಿಸಿ ನೋಡಿಕೊಂಡಿದ್ದೀರಾ?

ನಲಿಕಲಿ_ಬ್ಯಾಡಗಿ (ಡಿಸೆಂಬರ್ 9)

ಇಬ್ಬರಿಗೂ ಕೈಮುಗಿಯುತ್ತೇನೆ. ಹೇಳಲು ನಾಚಿಕೆ ಆಗುತ್ತದೆ. ನೇರ ಬಾಯಿಗೇ ತಗೊಳ್ಳುವುದು. ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಎಂಟೂವರೆಗೆ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಎರಡು ಸಲ ಒತ್ತಿಕೊಂಡು ಓಡುವುದು. ಮುಕ್ಕಳಿಸುವುದು ನೆನಪಾದ ದಿನ ಉಂಟು, ಇಲ್ಲದ ದಿನವೇ ಹೆಚ್ಚು. ಸ್ಪೇಸರ್ ಕೊಟ್ಟಿದ್ದರು. ಅದು ಸಣ್ಣ ಮಕ್ಕಳಿಗೆ ಅಂದುಕೊಂಡು ಕಪಾಟಿನಲ್ಲಿ ಪ್ಲಾಸ್ಟಿಕ್ ಸುತ್ತಿದ್ದು ಸುತ್ತಿದ ಹಾಗೇ ಇದೆ. ಹೇಗೆ ತಗೊಳ್ಳಬೇಕು ಅಂತ ಅವತ್ತು ಯಾರೂ ತೋರಿಸಲಿಲ್ಲ. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ನಾನೂ ಚೀಟಿ ತಗೊಂಡು ಎದ್ದು ಬಂದೆ.

ಕನ್ನಡಿಯಲ್ಲಿ ನೋಡಿಕೊಂಡೆ. ನಾಲಿಗೆ ಸ್ವಚ್ಛ ಇದೆ. ಹಿಂದುಗಡೆ ಕಿರುನಾಲಿಗೆಯ ಎರಡೂ ಪಕ್ಕ ಎರಡು ಮೂರು ಬಿಳಿ ಚುಕ್ಕೆ ಕಂಡ ಹಾಗಾಯಿತು. ಮಗಳು ಮೊಬೈಲಿನ ಬೆಳಕು ಹಾಕಿ "ಹೌದು ಅವ್ವ" ಅಂದಳು.

ನಿವೃತ್ತ_ಫಾರ್ಮಸಿಸ್ಟ್_ಶಿವಮೊಗ್ಗ (ಡಿಸೆಂಬರ್ 9)

ನಾಚಿಕೆ ನಿಮಗಲ್ಲ, ತೋರಿಸದೆ ಕಳಿಸಿದವರಿಗೆ ಆಗಬೇಕು. ಕಪಾಟಿನಿಂದ ಸ್ಪೇಸರ್ ತೆಗೀರಿ. ಹೀಗೆ ಮಾಡಿ. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರಿಗೆ ಸಿಕ್ಕಿಸಿ. ಉಸಿರು ಪೂರಾ ಹೊರಗೆ ಬಿಟ್ಟು ತುಟಿ ಬಿಗಿಯಾಗಿ ಮುಚ್ಚಿ. ಒಂದೇ ಒಂದು ಸಲ ಒತ್ತಿ. ನಿಧಾನ, ಬಿಸಿ ಹಾಲು ಹೀರೋ ಹಾಗೆ ಉಸಿರೆಳೆದು ಮನಸ್ಸಲ್ಲೇ ಹತ್ತು ಎಣಿಸಿ ಬಿಡಿ. ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ ಎರಡನೆಯದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮದ್ದು ಹೆಚ್ಚಾಗಿ ಸ್ಪೇಸರಿನ ಗೋಡೆಗೆ ಅಂಟುತ್ತೆ. ಸ್ಪೇಸರಿನಲ್ಲಿ ದೊಡ್ಡ ಹನಿಗಳು ಅಲ್ಲೇ ನಿಂತು ಸಣ್ಣವು ಮಾತ್ರ ಒಳಗೆ ಇಳಿಯುತ್ತವೆ, ಗಂಟಲಿಗೆ ಹೊಡೆತ ಕಡಿಮೆ. ಅದು ಮಕ್ಕಳಿಗೆ ಮಾತ್ರ ಅಲ್ಲ, ಎಂಬತ್ತರ ಅಜ್ಜನಿಗೂ ಅದೇ.

ಬಿಳಿ ಚುಕ್ಕೆಯನ್ನು ಡಾಕ್ಟರಿಗೆ ತೋರಿಸಿ, ನೀವೇ ಅಂಗಡಿಯಿಂದ ಹನಿ ತಂದು ಹಾಕ್ಕೋಬೇಡಿ.

ಪುಟ್ಟನ_ಅಮ್ಮ_ಬೆಂಗಳೂರು (ಡಿಸೆಂಬರ್ 10)

ಇಲ್ಲಿ ನನ್ನದೂ ಒಂದು ಮಾತು ಸೇರಿಸ್ತೀನಿ, ಮಕ್ಕಳಿಗೆ ಕೊಡೋರು ಓದಲಿ ಅಂತ. ನನ್ನ ಮಗನಿಗೆ ಆರು ವರ್ಷ ಇದ್ದಾಗ ಬುಡೆಸೊನೈಡ್ ಪಂಪ್ ಶುರು ಮಾಡಿದ್ರು, 100 ಮೈಕ್ರೋಗ್ರಾಂ ಎರಡು ಹೊತ್ತು. ಮಗು ಕುಳ್ಳ ಆಗಿಬಿಡುತ್ತೆ ಅಂತ ನಮ್ಮತ್ತೆ ಮನೆಯಲ್ಲಿ ದೊಡ್ಡ ರಾಮಾಯಣ. ನಾನು ಡಾಕ್ಟರ ಮುಂದೆ ಕೂತು ಅತ್ತೆ ಮಾತನ್ನೇ ಕೇಳ್ದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದ್ರು: ಅಮೆರಿಕ, ಕೆನಡಾದಲ್ಲಿ 5ರಿಂದ 12 ವರ್ಷದ 1,041 ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆದಿದೆ. ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ನಾಲ್ಕು ವರ್ಷಕ್ಕೂ ಹೆಚ್ಚು ತಗೊಂಡವರು ದೊಡ್ಡವರಾದ ಮೇಲೆ ಅಳೆದರೆ, ತಗೊಳ್ಳದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಎತ್ತರ. 2012ರಲ್ಲಿ ಬಂದ ಫಲಿತಾಂಶ ಅದು. ಕುಗ್ಗೋದು ಮೊದಲ ಒಂದೆರಡು ವರ್ಷದಲ್ಲಿ, ವರ್ಷ ವರ್ಷ ಕೂಡ್ತಾ ಹೋಗೋದಿಲ್ಲ.

1.2 ಸೆಂಟಿಮೀಟರ್ ಅಂದ್ರೆ ನನ್ನ ಕಿರುಬೆರಳಿನ ಉಗುರಿನ ಅಗಲ. ಮನೆಗೆ ಬಂದು ಅಡುಗೆಮನೆ ಬಾಗಿಲ ಚೌಕಟ್ಟಿಗೆ ಅವನನ್ನ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. ಪ್ರತಿ ಹುಟ್ಟುಹಬ್ಬಕ್ಕೆ ಒಂದು ಗೆರೆ. ಈಗ ಅವನಿಗೆ ಹನ್ನೊಂದು, ಆರು ಗೆರೆ ಇವೆ, ಯಾವುದೂ ಒಂದರ ಮೇಲೊಂದು ಬಿದ್ದಿಲ್ಲ. ಪಂಪ್ ಇಲ್ಲದ ಒಂದನೇ ಕ್ಲಾಸಿನಲ್ಲಿ ರಾತ್ರಿ ನಿದ್ದೆ ಇಲ್ಲದೆ, ಊಟ ಸೇರದೆ, ಬೆಳೆದಿದ್ದೇ ಕಡಿಮೆ ಅಂತ ನನಗನ್ನಿಸುತ್ತೆ.

ಕಬ್ಬಿನಗದ್ದೆ_ಮಂಡ್ಯ (ಡಿಸೆಂಬರ್ 11)

ಟೀಚರಮ್ಮ, ನಿಮ್ಮತ್ತೆ ಹೇಳಿದ "ಪಂಪಿನ ಚಟ" ಅನ್ನೋ ಮಾತು ನಮ್ಮ ಮನೇಲೂ ಇತ್ತು. ಅದರಿಂದ ಏನಾಯ್ತು ಅಂತ ಹೇಳ್ತೀನಿ, ದಯವಿಟ್ಟು ಅವರಿಗೂ ಓದಿ ಹೇಳಿ.

ನಮ್ಮಪ್ಪನಿಗೆ ಉಬ್ಬಸ. ಇನ್ಹೇಲರ್ ಬೇಡ, ಅಭ್ಯಾಸ ಆಗೋಯ್ತದೆ ಅಂತ ಹಟ. ಹತ್ತಿರದ ಪೇಟೇಲಿ ಒಬ್ಬ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ನು, ಜೊತೆಗೆ ಕಾಗದದ ಪೊಟ್ಟಣದಲ್ಲಿ ಸಣ್ಣ ಬಿಳಿ ಮಾತ್ರೆ ಕೊಡೋರು. ಹೆಸರಿಲ್ಲ, ಚೀಟಿ ಇಲ್ಲ. ತಗೊಂಡ ಗಂಟೆಗೆ ಅಪ್ಪ ಎದ್ದು ಗದ್ದೆಗೆ ಹೋಗೋರು. ಇದಕ್ಕಿಂತ ಒಳ್ಳೆ ಡಾಕ್ಟರು ಯಾರಿದ್ದಾರೆ ಅಂತ ಊರೆಲ್ಲ ಅಲ್ಲಿಗೇ ಹೋಗ್ತಿತ್ತು. ಹದಿನಾಲ್ಕು ವರ್ಷ ಹಂಗೇ ನಡೀತು. ಆ ಬಿಳಿ ಮಾತ್ರೆ ಸ್ಟಿರಾಯ್ಡು ಅಂತ ನಮಗೆ ಗೊತ್ತಾಗಿದ್ದು ಆಮೇಲೆ. ಪಂಪಿನಲ್ಲಿರೋ ಸ್ಟಿರಾಯ್ಡಿಗೆ ಹೆದರಿ, ಗೊತ್ತಿಲ್ಲದೆ ಅದರ ಎಷ್ಟೋ ಪಟ್ಟು ನುಂಗಿದ್ರು.

ಮುಖ ದುಂಡಗೆ ಊದ್ಕೊಳ್ತು, ನೋಡಿದೋರು "ಗೌಡ್ರು ತುಂಬ್ಕೊಂಡವ್ರೆ" ಅನ್ನೋರು. ಕೈಕಾಲು ಮಾತ್ರ ಕಡ್ಡಿ. ಕಬ್ಬಿನ ಸೋಗೆ ತಾಕಿದ್ರೆ ಮೊಣಕೈ ಚರ್ಮ ತೇವದ ಕಾಗದ ಕಿತ್ತ ಹಾಗೆ ಕಿತ್ತು ಬರೋದು. ಐವತ್ತೊಂದಕ್ಕೆ ಎರಡೂ ಕಣ್ಣಿಗೆ ಪೊರೆ ಆಪರೇಷನ್. ಒಂದಿನ ಬಾವಿ ಹತ್ರ ನೀರಿನ ಬಿಂದಿಗೆ ಎತ್ತೋಕೆ ಬಗ್ಗಿದೋರು ಹಂಗೇ ಕೂತ್ರು. ಬೆನ್ನುಮೂಳೆಯ ಒಂದು ಗಿಣ್ಣು ಕುಸಿದಿತ್ತು. ಬಿದ್ದಿದ್ದಲ್ಲ, ಏಟಾಗಿದ್ದಲ್ಲ, ಒಂದು ಬಿಂದಿಗೆ ನೀರು ಅಷ್ಟೆ.

ಅದನ್ನ ನೋಡಿ ನಾನು ಬುದ್ಧಿ ಇಲ್ದೆ ಮಾತ್ರೆ ಪೊಟ್ಟಣ ಎಲ್ಲ ಹೊಳೆಗೆ ಎಸೆದುಬಂದೆ. ಮೂರನೇ ದಿನ ಅಪ್ಪ ವಾಂತಿ ಮಾಡಿ ಪ್ರಜ್ಞೆ ತಪ್ಪಿ ಬಿದ್ರು, ಬಿಪಿ ಕೈಗೇ ಸಿಗ್ತಿರಲಿಲ್ಲ. ಮೈಸೂರಿನ ಡಾಕ್ಟರು ಹೇಳಿದ್ರು: ವರ್ಷಗಟ್ಟಲೆ ಹೊರಗಿಂದ ಸ್ಟಿರಾಯ್ಡ್ ಕೊಟ್ರೆ ಮೂತ್ರಪಿಂಡದ ಮೇಲಿರೋ ಗ್ರಂಥಿ ತಾನು ತಯಾರು ಮಾಡೋದನ್ನ ನಿಲ್ಲಿಸಿಬಿಡ್ತದೆ, ಮಾತ್ರೇನ ಒಂದೇ ಸಲ ನಿಲ್ಲಿಸಬಾರದು, ಅವರ ಕಣ್ಗಾವಲಲ್ಲಿ ಇಷ್ಟಿಷ್ಟೇ ಇಳಿಸಬೇಕು. ಇದನ್ನ ಓದೋರಲ್ಲಿ ಯಾರಾದ್ರೂ ದಿನಾ ಮಾತ್ರೆ ತಗೊಳ್ತಿದ್ರೆ, ದಯವಿಟ್ಟು ನನ್ನ ಹಾಗೆ ಮಾಡಬೇಡಿ.

ಎಂಟು ತಿಂಗಳು ಹಿಡೀತು ಮಾತ್ರೆ ಇಳಿಸೋಕೆ, ಪಕ್ಕದಲ್ಲಿ ಪಂಪು ಏರಿಸ್ಕೊಂಡು. ಆಮೇಲಿನ ಆರು ವರ್ಷ ಅಪ್ಪ ಪಂಪಿನಲ್ಲೇ ಇದ್ರು. ಎಲೆಅಡಿಕೆ ಸಂಚೀಲಿ ಸುಣ್ಣದ ಡಬ್ಬಿ ಪಕ್ಕ ಅದನ್ನ ಇಟ್ಕೊಳ್ಳೋರು. ಕೊನೇ ಎರಡು ವರ್ಷ ಮೊಮ್ಮಗಳಿಗೆ ಸೈಕಲ್ ಕಲಿಸಿದ್ರು, ಕ್ಯಾರಿಯರ್ ಹಿಡ್ಕೊಂಡು ಬಗ್ಗಿದ ಬೆನ್ನಲ್ಲೇ ಹಿಂದೆ ಓಡಿ. ಆ ಪಂಪು ಹದಿನಾಲ್ಕು ವರ್ಷ ಮೊದಲೇ ಅವರ ಸಂಚಿಗೆ ಬಂದಿದ್ರೆ ಅಂತ ಈಗಲೂ ಹೊಟ್ಟೆ ಉರೀತದೆ.

ಹಿಮ್ಮೇಳ_ಹೊನ್ನಾವರ (ಡಿಸೆಂಬರ್ 13)

ದನಿಯ ಬಗ್ಗೆ ನಾನು ಹೇಳಬಲ್ಲೆ. ನಾನು ಯಕ್ಷಗಾನದ ಭಾಗವತ. ಅಸ್ತಮಾ ಇಟ್ಟುಕೊಂಡು ಪದ್ಯ ಹೇಳುವವ.

ಫ್ಲುಟಿಕಾಸೋನ್ ಎಂಬ ಸ್ಟಿರಾಯ್ಡ್ ಇರುವ ಪುಡಿಯ ಇನ್ಹೇಲರ್ ಶುರುವಾದ ಮೇಲೆ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿಯಲ್ಲಿ ಹಾಡುತ್ತಿದ್ದವನು ಅದಕ್ಕಿಂತ ತಗ್ಗಿನ ಬಿಳಿ ಒಂದಕ್ಕೆ ಇಳಿದೆ. ಅದರಲ್ಲೂ ಏರುಪದ್ಯ ಬಂದರೆ ಚಂಡೆಯ ಗದ್ದಲದಲ್ಲಿ ದನಿ ಮುಚ್ಚಿಹೋಗಲಿ ಅಂತ ದೇವರಿಗೆ ಬೇಡಿಕೊಳ್ಳುವ ಸ್ಥಿತಿ. ಕಿವಿ-ಮೂಗು-ಗಂಟಲಿನ ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ನನ್ನ ದನಿತಂತುಗಳನ್ನು ಪರದೆಯ ಮೇಲೆ ನನಗೇ ತೋರಿಸಿದರು. 'ಈ' ಅನ್ನಿ ಅಂದರು. ಎರಡು ಬಿಳಿ ಪಟ್ಟಿಗಳು ಹತ್ತಿರ ಬಂದವು, ನಡುವೆ ಎಳೆಯಷ್ಟು ಸಂದು ಉಳಿಯಿತು. ಆ ಸಂದಿನಲ್ಲಿ ಸೋರುವ ಗಾಳಿಯೇ ಗೊಗ್ಗರು. ಸ್ಟಿರಾಯ್ಡ್ ಪುಡಿ ದಿನವೂ ಅಲ್ಲಿ ಬಿದ್ದು ತಂತುವಿನ ಸ್ನಾಯು ಸಡಿಲಾಗಿದೆ, ಇದು ಹಾಗೇ ಉಳಿಯುವಂಥದ್ದಲ್ಲ, ಹೊಡೆತ ಕಡಿಮೆಯಾದರೆ ಸುಧಾರಿಸುತ್ತದೆ ಅಂದರು. ಆ ಮಾತು ಕೇಳಿ ಕುರ್ಚಿಯಲ್ಲೇ ಕಣ್ಣು ಒದ್ದೆಯಾಯಿತು.

ನನಗೆ ಮದ್ದನ್ನೇ ಬದಲಿಸಿದರು. ಸಿಕ್ಲೆಸೊನೈಡ್ ಅಂತ, ಶ್ವಾಸಕೋಶ ಮುಟ್ಟಿದ ಮೇಲೆಯೇ ಪೂರ್ತಿ ಚುರುಕಾಗುವ ಜಾತಿ, ಗಂಟಲಲ್ಲಿ ಅಷ್ಟು ಕೆಲಸ ಮಾಡದು. ಎಲ್ಲರಿಗೂ ಅದು ಸಾಲುವುದಿಲ್ಲ, ನಿಮಗೆ ಫಾರ್ಮೊಟೆರಾಲ್ ಕೂಡಿದ್ದೇ ಬೇಕಾಗಬಹುದು, ಅದು ವೈದ್ಯರ ತೀರ್ಮಾನ. ಜೊತೆಗೆ ಮಳೆಗಾಲದಲ್ಲಿ ಮೇಳಕ್ಕೆ ರಜೆ, ಎರಡು ತಿಂಗಳು ದನಿಯ ವ್ಯಾಯಾಮ ಕಲಿಸಿದರು. ನೀರಿನ ಲೋಟಕ್ಕೆ ಸ್ಟ್ರಾ ಹಾಕಿ ಗುಳ್ಳೆ ಎಬ್ಬಿಸುತ್ತ 'ಊ' ಅನ್ನುವುದು, ದಿನಕ್ಕೆ ಐದು ಸಲ. ಮೂರು ತಿಂಗಳ ಮೇಲೆ ಕಪ್ಪು ಒಂದಕ್ಕೆ ಬಂದೆ. ಕಪ್ಪು ಎರಡು ಮರಳಲು ಒಂದು ವರ್ಷ ಬೇಕಾಯಿತು.

ಟೀಚರೇ, ನಿಮ್ಮ ಬರಹದಲ್ಲಿ ನೀವೇ ಗಮನಿಸದ ಒಂದು ಸಂಗತಿ ಉಂಟು. ಪಂಪ್ ಬಿಟ್ಟಿದ್ದು ದಸರಾ ರಜೆಯಲ್ಲಿ. ಆ ಹದಿನೈದು ದಿನ ನಿಮ್ಮ ದನಿ 27 ಮಕ್ಕಳ ಮೇಲೆ ಏರಿರಲಿಲ್ಲ. ದನಿ ತಿಳಿಯಾಗಿದ್ದು ಪಂಪ್ ಬಿಟ್ಟಿದ್ದಕ್ಕೋ, ದನಿ ವಿಶ್ರಾಂತಿ ಪಡೆದಿದ್ದಕ್ಕೋ? ಅರ್ಧ ಪಾಪ ಪಂಪಿನದಲ್ಲ ಅಂತ ನನ್ನ ಅನುಮಾನ. ಪಿಸುದನಿಯಲ್ಲಿ ಕತೆ ಹೇಳುತ್ತಿದ್ದೀರಲ್ಲ, ಅದನ್ನೂ ಬಿಡಿ. ಪಿಸುಗುಟ್ಟುವುದು ತಂತುಗಳಿಗೆ ಸುಖವಲ್ಲ, ಸಣ್ಣ ದನಿಯಲ್ಲಿ ಸಹಜವಾಗಿ ಮಾತಾಡುವುದೇ ಮೇಲು. ಗಂಟಲು ಕೆರೆಯುವುದು ಕೂಡ ಬೇಡ, ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ.

ನಲಿಕಲಿ_ಬ್ಯಾಡಗಿ (ಮಾರ್ಚ್ 14)

ಮೂರು ತಿಂಗಳು ಉತ್ತರ ಬರೆಯಲಿಲ್ಲ, ಕ್ಷಮಿಸಿ. ಏನಾಯಿತು ಅಂತ ಸುಮ್ಮನೆ ಅವಸರದಲ್ಲಿ ಹೇಳಬಾರದು ಅಂದುಕೊಂಡಿದ್ದೆ.

ಡಿಸೆಂಬರ್ ಕೊನೆಯಲ್ಲಿ ಹುಬ್ಬಳ್ಳಿಗೆ ಹೋದೆ. ಈ ಸಲ ಪಂಪ್, ಸ್ಪೇಸರ್ ಎರಡನ್ನೂ ಒಯ್ದು, ಡಾಕ್ಟರ ಮುಂದೆ ತಗೊಂಡು ತೋರಿಸಿ "ಸರಿ ಐತೇನ್ರೀ ಸರ್?" ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ನೋಡಿದರು. ಉಸಿರೆಳೆಯುವುದು ವೇಗ ಆಯಿತು ಅಂತ ತಿದ್ದಿದರು. ಗಂಟಲಿನ ಚುಕ್ಕೆ ಬೂಸ್ಟೇ ಅಂದರು, ಹನಿ ಕೊಟ್ಟರು, ಎರಡು ವಾರದಲ್ಲಿ ಹೋಯಿತು. ಅಲ್ಲಿಂದಲೇ ಗಂಟಲಿನ ಡಾಕ್ಟರ ಹತ್ತಿರ ಕ್ಯಾಮೆರಾ ಇಳಿಸಿ ನೋಡಿಸಿದೆ. ಭಾಗವತರು ಹೇಳಿದ ಸಂದು ನನ್ನಲ್ಲೂ ಇದೆ. ಒದರಿ ಒದರಿ ತಂತುವಿನ ಅಂಚು ತುಸು ದಪ್ಪಗಾಗಿದೆ, ಅದು ಪಂಪಿನ ಕೆಲಸ ಅಲ್ಲ, ಹದಿನೇಳು ವರ್ಷದ ಪಾಠದ ಕೆಲಸ ಅಂದರು.

ಪಂಪ್ ಈಗ ಬಚ್ಚಲಲ್ಲಿ, ಬ್ರಷ್ಷಿನ ಪಕ್ಕ. ಒಂದು ಒತ್ತಿಗೆ ಒಂದು ಉಸಿರು. ಹತ್ತು ಎಣಿಸುವುದನ್ನು ಮಗಳು ಹೊರಗಿನಿಂದ ಗಟ್ಟಿಯಾಗಿ ಎಣಿಸುತ್ತಾಳೆ. ಇಪ್ಪತ್ತು ನಿಮಿಷ ಬೇಗ ಏಳಬೇಕಾಯಿತು, ಅಷ್ಟೇ.

ಡೋಸ್ ಇಳಿಸುತ್ತೀರಾ ಅಂತ ಕೇಳಿದ್ದಕ್ಕೆ ಡಾಕ್ಟರು, ಸುಗ್ಗಿಯ ನಡುವೆ ಬೇಡ, ಮೂರು ತಿಂಗಳು ಗಟ್ಟಿ ನಿಂತರೆ ಮೇ ತಿಂಗಳಲ್ಲಿ ನಾಲ್ಕರಿಂದ ಎರಡಕ್ಕೆ ಇಳಿಸಿ ನೋಡೋಣ ಅಂದಿದ್ದಾರೆ. ಇವತ್ತಿಗೆ ಮೀಟರ್ 360. ಈ ಸುಗ್ಗಿಯಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ನೀಲಿ ಪಂಪ್ ಎರಡು ಸಲ ಮಾತ್ರ ತೆಗೆದೆ, ಎರಡೂ ಗುರುವಾರವೇ.

ದನಿ ಪೂರ್ತಿ ಬಂದಿಲ್ಲ. ಮುಕ್ಕಾಲು ಬಂದಿದೆ. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನದ ಬಿಸಿಯೂಟದ ನಂತರ ಸ್ವಲ್ಪ ಒಡೆಯುತ್ತದೆ. ಸಂತೆಯಲ್ಲಿ ಕೂಗಿ ಮಾರುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕು ಇರುತ್ತದಲ್ಲ, ಅಂಥದ್ದೊಂದು ನನ್ನ ದುಡ್ಡಿನಿಂದಲೇ ಕೊಂಡೆ. ಮಕ್ಕಳು ಮೊದಲ ದಿನ ಅದರಲ್ಲಿ ತಮ್ಮ ಹೆಸರು ಹೇಳಿಸಿಕೊಳ್ಳಲು ಸರದಿ ನಿಂತರು, 27 ಹೆಸರು ಹೇಳುವ ಹೊತ್ತಿಗೆ ಒಂದು ಪೀರಿಯಡ್ ಮುಗಿಯಿತು. ಸ್ಟ್ರಾ ಹಾಕಿ ಗುಳ್ಳೆ ಎಬ್ಬಿಸುವ ವ್ಯಾಯಾಮ ಮನೆಯಲ್ಲಿ ನನಗಿಂತ ಹೆಚ್ಚು ಮಗ ಮಾಡುತ್ತಾನೆ.

ಮಂಡ್ಯದ ಅಣ್ಣಾ, ನಿಮ್ಮ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಸೋಸುತ್ತಿದ್ದ ಅಕ್ಕಿಯ ಮೊರ ಬದಿಗಿಟ್ಟು ಕೇಳಿದರು. ಬಿಂದಿಗೆಯ ಜಾಗಕ್ಕೆ ಬಂದಾಗ "ಪಾಪ, ಆ ಯಪ್ಪಾ" ಅಂದರು. ಆಮೇಲೆ ಚಟದ ಮಾತು ಮತ್ತೆ ಆಡಿಲ್ಲ. ಮೊನ್ನೆ ನಾನು ಮರೆತು ಹೊಸ್ತಿಲು ದಾಟಿದಾಗ ಒಳಗಿಂದ ಕೂಗಿದರು, "ಪಂಪ್ ತಗೊಂಡೀಯೇನವ್ವಾ?"

ಈಗ ಒಂದು ಸಣ್ಣ ಪ್ರಶ್ನೆ. ಸ್ಪೇಸರ್ ಒಳಗೆ ಬಿಳಿ ಪುಡಿ ಅಂಟಿಕೊಂಡಿದೆ. ಅದನ್ನು ತೊಳೆಯಬೇಕಾ? ಬಟ್ಟೆ ಹಾಕಿ ಒರೆಸಿದರೆ ನಡೆಯುತ್ತದಾ?

ನಿವೃತ್ತ_ಫಾರ್ಮಸಿಸ್ಟ್_ಶಿವಮೊಗ್ಗ (ಮಾರ್ಚ್ 14)

ಓದಿ ಮನಸ್ಸು ತುಂಬಿತು ಟೀಚರ್. ಬಟ್ಟೆ ಹಾಕಬೇಡಿ. ಪ್ಲಾಸ್ಟಿಕ್ಕನ್ನು ತಿಕ್ಕಿದರೆ ಅದರಲ್ಲಿ ವಿದ್ಯುತ್ತಿನ ಸೆಳೆತ ಹುಟ್ಟಿ ಮದ್ದು ನಿಮ್ಮ ಎದೆಗೆ ಬರೋ ಬದಲು ಗೋಡೆಗೇ ಅಂಟುತ್ತೆ. ಬಿಡಿಬಿಡಿ ಮಾಡಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿ ಅಲ್ಲಾಡಿಸಿ ತೊಳೆದು, ನೆರಳಲ್ಲಿ ಬೋರಲು ಹಾಕಿ ಒಣಗಿಸಿ. ತಿಂಗಳಿಗೊಮ್ಮೆ ಸಾಕು. ರಾತ್ರಿ ಪಂಪ್ ತಗೊಂಡ ಮೇಲೆ ತೊಳೆದಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತೆ. ಡಬ್ಬಿಯ ಹಿಂದೆ ಎಣಿಕೆಯ ಕಿಟಕಿ ಇದ್ದರೆ ಅದರ ಮೇಲೂ ಕಣ್ಣಿರಲಿ, 20ಕ್ಕೆ ಇಳಿದಾಗಲೇ ಹೊಸದು ತಂದಿಡಿ.